ಡೇಟ್ ಯಾಕೆ ಮುಂದೆ ಹೋಯಿತು? ಹಿಂದಕ್ಕೆ ಎಣಿಸಿ ನೋಡಿ

ಧಾರವಾಡದ ಸಪ್ತಾಪುರದ ಪಿ.ಜಿ.ಗಳಲ್ಲಿ ಪರೀಕ್ಷೆ ಬಂತೆಂದರೆ ಈ ಪಿಸುಮಾತು ಖಾಯಂ: 'ಈ ಸರ್ತಿ ನಂದಿನ್ನೂ ಆಗಿಲ್ಲಲೇ!' ಪರೀಕ್ಷೆ ಮುಗಿದು ವಾರವಾದರೂ ಮುಟ್ಟು ಆಗದಿದ್ದರೆ ಗಾಬರಿ ಇನ್ನೂ ಜಾಸ್ತಿ. ಟೆನ್ಷನ್ ಮುಗೀತಲ್ವಾ, ಮತ್ತೇಕೆ ತಡ?

ಮೊದಲು ಸ್ರಾವ ಶುರುವಾದ ದಿನಕ್ಕೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ಆದರೂ ಸರಿ. ಮನೆಯವರಿಗೆ ತಿಳಿಯಬಾರದು ಅನಿಸಿದರೆ ಸಣ್ಣ ಚುಕ್ಕಿ ಸಾಕು. ಅದು 1ನೇ ದಿನ. ಮುಂದಿನ ಮುಟ್ಟು ಶುರುವಾಗುವ ಹಿಂದಿನ ದಿನದವರೆಗೆ ಎಣಿಸಿ. ಸುಮಾರು ಜನ ಮುಟ್ಟು ನಿಂತ ದಿನದಿಂದ ಎಣಿಸುತ್ತಾರೆ, ನಾನೂ ಹಾಗೇ ಮಾಡುತ್ತಿದ್ದೆ. ಲೆಕ್ಕ ತಪ್ಪುವುದು ಅಲ್ಲೇ. ದೊಡ್ಡವರಲ್ಲಿ 21ರಿಂದ 35 ದಿನ ಸಹಜ. ಹೊಸದಾಗಿ ಮೈನೆರೆದ ಹುಡುಗಿಯರಲ್ಲಿ 45ರವರೆಗೂ ಹೋಗಬಹುದು.

ಮುಟ್ಟು ಬಂದ ಮೇಲೆ, ಆ ದಿನದಿಂದ 14 ದಿನ ಹಿಂದಕ್ಕೆ ಎಣಿಸಿ. ಅಂಡಾಣು ಬಿಡುಗಡೆಯಾದದ್ದು ಸುಮಾರು ಆಗ. ಈ ಎರಡು ವಾರ ಅಷ್ಟಾಗಿ ಹಿಗ್ಗುವುದಿಲ್ಲ. ಹಿಗ್ಗುವುದು ಅದಕ್ಕೂ ಮುಂಚಿನ ದಿನಗಳು. ನಿದ್ದೆಗೆಟ್ಟು, ಊಟ ಬಿಟ್ಟು, ತಲೆ ಕೆಡಿಸಿಕೊಂಡಾಗ ಮೆದುಳಿನಿಂದ ಅಂಡಾಶಯಕ್ಕೆ ಹೋಗಬೇಕಾದ ಹಾರ್ಮೋನ್ ಸೂಚನೆ ಮಂದವಾಗುತ್ತದೆ. ಅಂಡಾಣು ತಡವಾಗುತ್ತದೆ. 16ನೇ ದಿನ ಆಗಬೇಕಾದದ್ದು 25ಕ್ಕೆ ಆದರೆ, 30 ದಿನಕ್ಕೆ ಬರುತ್ತಿದ್ದ ಮುಟ್ಟು 39ರ ಸುಮಾರಿಗೆ ಬರುತ್ತದೆ. ಪರೀಕ್ಷೆ ಮುಗಿದ ಮೇಲೂ ತಡವಾಗುವುದು ಇದಕ್ಕೇ.

ಹಾಗಾಗಿ ಮುಟ್ಟು ಬಂದ ದಿನಕ್ಕಿಂತ ಎರಡು-ಮೂರು ವಾರ ಹಿಂದಿನ ದಿನಗಳಲ್ಲಿ ಏನಾಗಿತ್ತು ಅಂತ ಪಕ್ಕದಲ್ಲಿ ಬರೆಯಿರಿ. ಜ್ವರ, ರಾತ್ರಿ ಪಾಳಿ, ರೊಟ್ಟಿ ಊಟ ಬಿಟ್ಟು ಗಿರಮಿಟ್ಟಿನ ಮೇಲೆ ದಿನ ನೂಕಿದ್ದು, ಒಂದೇ ತಿಂಗಳಲ್ಲಿ ಸರ್ರನೆ ತೂಕ ಇಳಿಸಿದ್ದು. ಜಾತ್ರೆಗೋ ಪೂಜೆಗೋ ಮುಟ್ಟು ಮುಂದೂಡುವ ಗುಳಿಗೆ ನುಂಗಿದ್ದರೆ ಅದನ್ನೂ ಬರೆಯಿರಿ. ಡಾಕ್ಟರ್ ಕೇಳುವ ತನಕ ಇದನ್ನು ಯಾರೂ ಬಾಯಿ ಬಿಡುವುದಿಲ್ಲ.

ಗರ್ಭ ನಿಂತಿರಬಹುದು ಎನಿಸಿದರೆ ಮೆಡಿಕಲ್ ಶಾಪಿನ ಕಿಟ್‌ನಲ್ಲಿ ಮೊದಲು ಪರೀಕ್ಷೆ ಮಾಡಿ. ಮೂರು ತಿಂಗಳು ಮುಟ್ಟೇ ಬರದಿದ್ದರೆ, ಏಳು ದಿನ ದಾಟಿದರೂ ಸ್ರಾವ ನಿಲ್ಲದಿದ್ದರೆ, ಗಂಟೆಗೊಂದು ಪ್ಯಾಡ್ ತೊಯ್ದರೆ, 'ಟೆನ್ಷನ್ ಇರಬೇಕು ಬಿಡು' ಅಂತ ಸುಮ್ನೆ ಕೂರಬೇಡಿ. ಥೈರಾಯ್ಡ್ ತೊಂದರೆ, ಪಿಸಿಒಎಸ್ (ಹಾರ್ಮೋನ್ ಏರುಪೇರಿನಿಂದ ಅಂಡಾಣು ಸರಿಯಾಗಿ ಬಿಡುಗಡೆಯಾಗದ ತೊಂದರೆ) ಕೂಡ ಹೀಗೇ ಲೆಕ್ಕ ತಪ್ಪಿಸುತ್ತವೆ. ಡಾಕ್ಟರ್ ಹತ್ತಿರ ಹೋಗುವಾಗ ಕ್ಯಾಲೆಂಡರಿನ ಫೋಟೊ ಮೊಬೈಲಿನಲ್ಲಿರಲಿ. 'ಹಿಂದಿನದು ಯಾವಾಗ ಆಗಿತ್ತು?' ಅಂತಲೇ ಅವರು ಮಾತು ಶುರು ಮಾಡುತ್ತಾರೆ.