ಚಿಪ್ಪಿನಾಗ ಗುಳ್ಳಿ ಹೊಗದಂಗ ನೋಡ್ಕೊಳ್ಳೂದು ಹೆಂಗ

ಧಾರವಾಡದ ನಮ್ಮ ಲ್ಯಾಬಿಗೆ ಹೊಸದಾಗಿ ಬರೋ ಹುಡುಗ್ರು ಜೀವಕೋಶದ ಬಗ್ಗೆ ನೂರು ಪ್ರಶ್ನೆ ಕೇಳ್ತಾರ. ಗಾಳಿ ಬಗ್ಗೆ ಒಬ್ರೂ ಕೇಳಂಗಿಲ್ಲ. ನಮ್ಮ ಚಿಪ್ ಅಂದ್ರ ಸಣ್ಣ ಸಿಲಿಕೋನ್ ತುಂಡು, ಅದರಾಗಿನ ಸಣ್ಣ ನಾಲಿಯೊಳಗ ಜೀವಕೋಶ ಬೆಳಸ್ತೀವಿ. ಚಿಪ್ಪಿನ ಕೆಲಸ ಹೆಚ್ಚಾಗಿ ಕೆಡೂದು ಗಾಳಿಯಿಂದನ ನೋಡ್ರಿ. ನಾಲಿ ಅಷ್ಟು ಸಣ್ಣದಿರ್ತೈತಿ, ಒಂದು ಗುಳ್ಳಿ ಸರಿದು ಹೋದ್ರ ಅಂಟ್ಕೊಂಡ ಕೋಶ ಕಿತ್ತು ಬರ್ತಾವ.

ಚಿಪ್ ಎರೆಯೂದು ಹಗುರ ಕೆಲಸ. ಪಿಡಿಎಂಎಸ್ ಸಿಲಿಕೋನ್ ತೂಕದಾಗ 10 ಪಾಲು, ಅದನ್ನ ಗಟ್ಟಿ ಮಾಡೋ ಕ್ಯೂರಿಂಗ್ ಏಜೆಂಟ್ 1 ಪಾಲು. ಜೋನಿಬೆಲ್ಲದಂಗ ಮಂದ ಇರ್ತೈತಿ, ಕಲಿಸಿದ ಮ್ಯಾಲ ವ್ಯಾಕ್ಯೂಮ್‌ನಾಗಿಟ್ಟು ಗುಳ್ಳಿ ತಗೀರಿ. ಅಚ್ಚಿಗೆ ಸುರುವಿ 65 ಡಿಗ್ರಿ ಓವನ್ನಿನಾಗ ಗಟ್ಟಿ ಮಾಡ್ರಿ. ಪ್ಲಾಸ್ಮಾ (ವಿದ್ಯುತ್ತಿನಿಂದ ಚೇತನಗೊಂಡ ಅನಿಲ) ಕೊಟ್ಟು ಗಾಜಿಗೆ ಅಂಟಿಸಿದ ಕೂಡಲೇ ನಾಲಿ ತುಂಬ್ರಿ. ಹಂಗ ಬಿಟ್ರ ನಾಲಿಯ ಮೈ ಮತ್ತ ನೀರು ಒಲ್ಲೆ ಅಂತೈತಿ.

ಮೊದಲು 70 ಪ್ರತಿಶತ ಆಲ್ಕೋಹಾಲ್ ಬಿಡ್ರಿ. ಅದು ಮೂಲಿ ಮೂಲಿಗೂ ಹೊಕ್ಕು ಗಾಳಿ ದೂಡತೈತಿ. ಆಮ್ಯಾಲ ಪಿಬಿಎಸ್ ಅನ್ನೋ ಉಪ್ಪಿನ ದ್ರಾವಣದಿಂದ ಚೆಂದಂಗ ತೊಳೀರಿ, ಕೋಶ ಅಂಟ್ಕೊಳ್ಳಾಕ ಫೈಬ್ರೊನೆಕ್ಟಿನ್ ಅನ್ನೋ ಪ್ರೋಟೀನ್ ಹಾಕ್ರಿ. ಟ್ಯೂಬ್ ಜೋಡಿಸುವಾಗ ಟ್ಯೂಬಿನ ತುದಿಗೊಂದು ಹನಿ, ರಂಧ್ರದ ಬಾಯಿಗೊಂದು ಹನಿ ನಿಲ್ಲಿಸಿ, ಹನಿಗೆ ಹನಿ ಕೂಡಿಸಿ ಒತ್ರಿ. ಅವಸರ ಬ್ಯಾಡ.

ಫ್ರಿಜ್ಜಿನ ಮೀಡಿಯಾ (ಕೋಶಕ್ಕ ಉಣಿಸೋ ದ್ರವ) ಹಂಗ ಹಾಕಿದ್ರ ಕೆಟ್ಟಂಗ. ತಂಪಿನಾಗ ಕರಗಿದ್ದ ಗಾಳಿ 37 ಡಿಗ್ರಿ ಇನ್‌ಕ್ಯುಬೇಟರ್‌ನಾಗ ಗುಳ್ಳಿಯಾಗಿ ಹೊರಗ ಬರ್ತೈತಿ. ಮುಂಚೇನ ಬೆಚ್ಚಗ ಮಾಡಿ, ಸ್ವಲ್ಪ ಹೊತ್ತು ವ್ಯಾಕ್ಯೂಮ್‌ನಾಗಿಡ್ರಿ. ಕೋಶ ಬಿಟ್ಟ ಮ್ಯಾಲ ಪಂಪ್ ಬಂದ್ ಇರ್ಲಿ, ಕಾಲೂರಾಕ ಕೆಲವು ತಾಸು ಕೊಡ್ರಿ. ನಂತರ ಹರಿವು ಸಾವಕಾಶ ಸುರು ಮಾಡ್ರಿ. ಪೆಟ್ರಿ ತಟ್ಟಿಯೊಳಗ ಹಸಿ ಟಿಶ್ಯೂ ಇಟ್ಟು ಚಿಪ್ ಮುಚ್ಚಿಡ್ರಿ. ನಮ್ಮ ಏಪ್ರಿಲ್ ಬಿಸಿಲಿನಾಗ ಮೈಕ್ರೋಸ್ಕೋಪ್ ಕೆಳಗ ತೆರೆದಿಟ್ರ ಬಾಯಿಗಿನ ಹನಿ ನೋಡ್ನೋಡ್ತಾ ಆರತೈತಿ, ಮೀಡಿಯಾದ ಉಪ್ಪಿನಂಶ ಏರತೈತಿ. ಕರೆಂಟ್ ಹೋಗ್ತದ ಅನ್ನೂದು ಗೊತ್ತಿದ್ದದ್ದ. ಇನ್‌ಕ್ಯುಬೇಟರ್‌ಗಷ್ಟ ಅಲ್ಲ, ಪಂಪಿಗೂ ಯುಪಿಎಸ್ ಇರ್ಲಿ.

ಇನ್ನ ನಿಗಾ. ಚಿನ್ನದ ಎಲೆಕ್ಟ್ರೋಡ್ ಮ್ಯಾಲ ಕೋಶ ಬೆಳೆಸಿ, ಸಣ್ಣ ಕರೆಂಟ್ ಕೊಟ್ಟು ಅವುಗಳ ಚಲನವಲನ ಅಳೆಯೂದನ್ನ ವಿಜ್ಞಾನಿಗಳಾದ ಐವರ್ ಜೇವರ್ ಮತ್ತು ಚಾರ್ಲ್ಸ್ ಕೀಸ್ 1984ರಾಗ ತೋರ್ಸಿದ್ರು. ಜೇವರ್‌ಗೆ 1973ರಾಗ ಭೌತಶಾಸ್ತ್ರದ ನೊಬೆಲ್ ಬಂದಿತ್ತು. ಆಮ್ಯಾಲ ಕೋಶದ ಕಡೆ ಹೊರಳಿದ ಮನಿಷಾ. ಕೋಶ ಹರಡಿದಂಗ ಇಂಪೀಡೆನ್ಸ್ (ಕರೆಂಟಿಗೆ ಬರೋ ತಡೆ) ತಾಸುಗಟ್ಟಲೆ ಮೆಲ್ಲಕ ಏರತೈತಿ. ಒಮ್ಮೆಲೇ ನೆಟ್ಟಗ ಜಿಗಿದ್ರ ಕೋಶ ಭಾಳ ಬೆಳದಾವ ಅಂತ ಖುಷಿ ಪಡಬ್ಯಾಡ್ರಿ. ಪಂಪ್ ನಿಲ್ಲಿಸಿ ಎಲೆಕ್ಟ್ರೋಡ್ ಮ್ಯಾಲ ಗುಳ್ಳಿ ಕುಂತೈತೇನು ನೋಡ್ರಿ.