ಹಾಳೆ ತಟ್ಟೆ ಮಾಡುವವರು ಕಪ್ಪೆ ಎಣಿಸುವುದು ಹೇಗೆ

ಹೋದ ವರ್ಷ ನಮ್ಮ ಅಡಿಕೆ ಹಾಳೆ ತಟ್ಟೆ ಕೊಳ್ಳುವ ಹೊರದೇಶದ ಪಾರ್ಟಿಯೊಂದು ಫಾರಂ ಕಳಿಸಿತು. ಕರೆಂಟು, ನೀರು ಎಲ್ಲ ಬಿಲ್ಲು ನೋಡಿ ತುಂಬಿಸಿದೆ. ಕೊನೆಯ ಪ್ರಶ್ನೆ: ನಿಮ್ಮ ಜಾಗದ ಜೀವವೈವಿಧ್ಯವನ್ನು ಹೇಗೆ ಅಳೆಯುತ್ತೀರಿ? "ಸುತ್ತಲೂ ಹಸಿರಿದೆ" ಅಂತ ಬರೆದೆ. ಫಾರಂ ವಾಪಸ್ ಬಂತು.

ಇಂಥ ಪ್ರಶ್ನೆ ಇನ್ನೂ ಜಾಸ್ತಿ ಬರುತ್ತದೆ. 2022ರ ಡಿಸೆಂಬರಿನಲ್ಲಿ ಮಾಂಟ್ರಿಯಲ್‌ನಲ್ಲಿ ದೇಶಗಳೆಲ್ಲ ಒಪ್ಪಿದ ಜೀವವೈವಿಧ್ಯ ಒಪ್ಪಂದದ 15ನೇ ಗುರಿ ಕಂಪನಿಗಳಿಗೇ ಇರುವಂಥದ್ದು. ದೊಡ್ಡ ಕಂಪನಿಗಳು ತಮ್ಮಿಂದ ಪ್ರಕೃತಿಗೆ ಏನಾಗುತ್ತಿದೆ ಅಂತ ಅಳೆದು ಹೇಳಬೇಕು, ಸರಕು ಎಲ್ಲಿಂದ ಬರುತ್ತದೋ ಅಲ್ಲಿಯ ಲೆಕ್ಕವನ್ನೂ ಸೇರಿಸಿ. ಆ "ಎಲ್ಲಿಂದ" ಅನ್ನುವ ತುದಿಯಲ್ಲಿ ಕಾಸರಗೋಡು ಜಿಲ್ಲೆಯ ಪೆರ್ಲ, ಬದಿಯಡ್ಕದ ನಾವಿದ್ದೇವೆ. ರಬ್ಬರಿನವರಿಗಂತೂ ಇದು ಬಾಗಿಲಿಗೇ ಬಂದಿದೆ: ಯುರೋಪಿನ ಹೊಸ ನಿಯಮದ ಪ್ರಕಾರ ತೋಟ ಎಲ್ಲಿದೆ ಅಂತ ನಕ್ಷೆಯಲ್ಲಿ ತೋರಿಸಬೇಕು, 4 ಹೆಕ್ಟೇರಿಗಿಂತ ದೊಡ್ಡದಾದರೆ ಗಡಿಯನ್ನೇ ಕೊಡಬೇಕು, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗ ಆಗಿರಬಾರದು. ಜಾರಿಯ ದಿನ ಮುಂದೆ ಹೋಗಿದೆ ನಿಜ, ಆದರೆ ಕೇಳುವುದು ನಿಂತಿಲ್ಲ.

ಮೊದಲು ನಕ್ಷೆ ಮಾಡಿಕೊಳ್ಳಿ. ಗೂಗಲ್ ಅರ್ಥ್ ಪ್ರೋ ಪುಕ್ಕಟೆ ಸಿಗುತ್ತದೆ. ನಿಮ್ಮ ಜಾಗದ ಗಡಿ ಎಳೆಯಿರಿ, ಒಳಗೆ ತೋಟ, ಶೆಡ್, ಪಾರೆ (ಮುರಕಲ್ಲಿನ ಬಯಲು), ಪಳ್ಳ (ನೀರು ನಿಲ್ಲುವ ಹೊಂಡ), ತೋಡು (ಸಣ್ಣ ಹಳ್ಳ), ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ಬಾಯಿ ಒಂದೊಂದನ್ನೂ ಬೇರೆ ಗುರುತು ಮಾಡಿ. ಹಳೆಯ ವರ್ಷಗಳ ಚಿತ್ರವೂ ಅದರಲ್ಲೇ ಸಿಗುತ್ತದೆ. ಒಂದು ಸಂಜೆಯ ಕೆಲಸ, ಅಷ್ಟೇ.

ಮುಂದಿನದು ಉಪಗ್ರಹ. ಇಲ್ಲೇ ಜನ ಮೋಸ ಹೋಗುವುದು. ಸೆಂಟಿನೆಲ್-2 ಉಪಗ್ರಹಗಳ ಚಿತ್ರ ಸುಮಾರು 5 ದಿನಕ್ಕೊಮ್ಮೆ ಪುಕ್ಕಟೆ ಸಿಗುತ್ತದೆ, ಅದರ ಒಂದು ಚುಕ್ಕಿ ಅಂದರೆ ನೆಲದಲ್ಲಿ 10 ಮೀಟರ್ ಉದ್ದ, 10 ಮೀಟರ್ ಅಗಲ, ನಮ್ಮ ಲೆಕ್ಕದಲ್ಲಿ ಎರಡೂವರೆ ಸೆಂಟ್ಸ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಬರೀ ಮೋಡ ಕಾಣುತ್ತದೆ ಬಿಡಿ. ಆ ಚಿತ್ರದಿಂದ ಎಲೆಯ ಹಸಿರನ್ನು ಅಳೆಯುವ ಎನ್‌ಡಿವಿಐ ಅನ್ನುವ ಅಂಕಿ ಬರುತ್ತದೆ, ಅದನ್ನೇ ವರದಿಗೆ ಅಂಟಿಸಿ ಕೈ ತೊಳೆದುಕೊಳ್ಳುವವರು ಬೇಕಾದಷ್ಟಿದ್ದಾರೆ. ನಾನೂ ತೆಗೆದು ನೋಡಿದೆ. ತೋಟಕ್ಕೆ ಒಳ್ಳೆ ಮಾರ್ಕು, ಪಾರೆಗೆ ಹೆಚ್ಚುಕಡಿಮೆ ಸೊನ್ನೆ! ಆದರೆ ತೋಟದಲ್ಲಿರುವುದು ಮುಖ್ಯವಾಗಿ ಒಂದೇ ಮರ, ಅಡಿಕೆ. ಬೇಸಿಗೆಯಲ್ಲಿ ಬೋಳಾಗಿ ಕಾಣುವ ಆ ಪಾರೆಯ ಮೇಲೆ ಟಿಟ್ಟಿಭ ನೆಲದಲ್ಲೇ ಮೊಟ್ಟೆ ಇಡುತ್ತದೆ, ಆಗಸ್ಟ್‌ನಲ್ಲಿ ಹೋಗಿ ಮೊಣಕಾಲೂರಿ ನೋಡಿದರೆ ಬೆರಳುದ್ದದ ನೀಲಿ ಹೂಗಳು, ಅದರಲ್ಲಿ ಕೆಲವು ಬುಡದ ನೀರಿನಲ್ಲಿ ಸಣ್ಣ ಹುಳ ಹಿಡಿದು ತಿನ್ನುವ ಗಿಡಗಳು. ಹಸಿರು ಜಾಸ್ತಿ ಮಾಡ್ತೇವೆ ಅಂತ ಪಾರೆಗೆ ಅಕೇಶಿಯಾ ನೆಟ್ಟರೆ ಅಂಕಿ ಏರುತ್ತದೆ, ಇವೆಲ್ಲ ಹೋಗುತ್ತವೆ. ಹಾಗಾಗಿ ಉಪಗ್ರಹವನ್ನು ಕಾಡು ಕಡಿದರೋ, ಗುಡ್ಡ ಅಗೆದರೋ ಅಂತ ನೋಡಲಷ್ಟೇ ಇಟ್ಟುಕೊಳ್ಳಿ. ಜೀವ ಎಣಿಸಲು ನೆಲಕ್ಕೇ ಇಳಿಯಬೇಕು.

ಹಕ್ಕಿಗೆ ಮರ್ಲಿನ್ ಆ್ಯಪ್ ಸಾಕು. ಭಾರತದ ಪ್ಯಾಕ್ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ಕೂಗು ಕೇಳಿ ಹೆಸರು ಹೇಳುತ್ತದೆ. ಹೇಳಿದ್ದನ್ನೆಲ್ಲ ನಂಬಬೇಡಿ. ಶೆಡ್ಡಿನ ಹತ್ತಿರ ಅದು ಮೂರು ಸಲ ನಾನು ಕಂಡೇ ಇರದ ಹಕ್ಕಿಯ ಹೆಸರು ತೋರಿಸಿತು. ನಾನು ಖುಷಿಯಲ್ಲಿದ್ದೆ, ಹಾಳೆ ತೊಳೆಯುವ ಅಕ್ಕ ಕಿವಿಗೊಟ್ಟು ಹೇಳಿದರು, "ಅಣ್ಣ, ಅದು ಹಕ್ಕಿ ಅಲ್ಲ, ನಮ್ಮ ಮೂರನೇ ಮೆಷಿನ್." ಎಣ್ಣೆ ಬಿಟ್ಟ ಮೇಲೆ ಆ ಹಕ್ಕಿ ಮತ್ತೆ ಬರಲಿಲ್ಲ. ಕಣ್ಣಲ್ಲಿ ಕಂಡದ್ದನ್ನು, ಇಲ್ಲವೇ ಕೂಗು ಚೆನ್ನಾಗಿ ಗೊತ್ತಿರುವುದನ್ನು ಮಾತ್ರ ಹಕ್ಕಿ ಲೆಕ್ಕ ಇಡುವ ಇ-ಬರ್ಡ್ ತಾಣಕ್ಕೆ ಹಾಕಿ. ಗಿಡ, ಚಿಟ್ಟೆ, ಹಾವಿನ ಫೋಟೊಗೆ ಐನ್ಯಾಚುರಲಿಸ್ಟ್ ಆ್ಯಪ್ ಒಳ್ಳೆಯದು, ಹೆಸರು ಸರಿಯೋ ಅಂತ ಬೇರೆಯವರೂ ನೋಡುತ್ತಾರೆ. ಚಿಪ್ಪುಹಂದಿ, ನಕ್ಷತ್ರ ಆಮೆ ಥರದ್ದು ಕಂಡರೆ ಜಾಗ ಮರೆಮಾಡುವುದನ್ನು ಮರೆಯಬೇಡಿ, ಕದಿಯುವವರೂ ಅದೇ ನಕ್ಷೆ ನೋಡುತ್ತಾರಲ್ವಾ?

ಪಟ್ಟಿ ಉದ್ದ ಇದ್ದರೆ ಸಾಲದು. ಒಂದು ವರ್ಷ ಹತ್ತು ಗಂಟೆ ತಿರುಗಿ 60 ಹಕ್ಕಿ ಬರೆದು, ಮರುವರ್ಷ ಎರಡು ಗಂಟೆ ತಿರುಗಿ 35 ಬರೆದರೆ ಹಕ್ಕಿ ಕಡಿಮೆಯಾದವು ಅಂತ ಅಲ್ಲ, ನೀವು ಸೋಮಾರಿಯಾದಿರಿ ಅಂತ. ಅದೇ ಜಾಗ, ಅದೇ ಹೊತ್ತು, ಅಷ್ಟೇ ನಿಮಿಷ. ಏನೂ ಸಿಗದ ದಿನವನ್ನೂ ಬರೆಯಬೇಕು. ಮತ್ತೆ ಲೆಕ್ಕ ಶುರುವಾಗಬೇಕಾದ್ದು ಜೇಸಿಬಿ ಬರುವ ಮೊದಲು. 2000ದವರೆಗೆ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ಜಿಲ್ಲೆ ನಮ್ಮದು. ಜೇನು ಹೋಯಿತು, ಕಪ್ಪೆ ಹೋಯಿತು ಅಂತ ಮನೆಯಲ್ಲಿ ಹೇಳುತ್ತಿದ್ದರು. ಮೊದಲು ಎಷ್ಟಿತ್ತು ಅಂದರೆ ನಮ್ಮ ಹತ್ತಿರ ಒಂದು ಚೀಟಿಯೂ ಇರಲಿಲ್ಲ.

ನಾನು ಆರಿಸಿಕೊಂಡದ್ದು ಕಪ್ಪೆ. ಮಳೆ ಹಿಡಿದ ಮೇಲೆ ರಾತ್ರಿ ಎಂಟಕ್ಕೆ ಪಳ್ಳದ ಬದಿಯಲ್ಲಿ ಹಳೆ ಮೊಬೈಲನ್ನು ಪ್ಲಾಸ್ಟಿಕ್ ಡಬ್ಬದಲ್ಲಿಟ್ಟು, ಡಬ್ಬದ ಬಾಯಿ ತೆರೆದು, 15 ನಿಮಿಷ ರೆಕಾರ್ಡ್ ಮಾಡುತ್ತೇನೆ. ದುಡ್ಡಿದ್ದರೆ ಆಡಿಯೋಮೋತ್ ಅನ್ನುವ ಸಣ್ಣ ಯಂತ್ರ ಸಿಗುತ್ತದೆ, ಹೇಳಿದ ಹೊತ್ತಿಗೆ ತಾನೇ ರೆಕಾರ್ಡ್ ಮಾಡುತ್ತದೆ. ಮೂರನೇ ರಾತ್ರಿ ಪಳ್ಳದ ಒಂದು ಮೂಲೆ ಮಾತ್ರ ಸುಮ್ಮನಿರುವುದು ಗೊತ್ತಾಯಿತು. ಟಾರ್ಚ್ ಹಾಕಿದರೆ ಅಡಿಕೆಗೆ ಮದ್ದು ಕಲಸುವ ನಮ್ಮದೇ ಡ್ರಮ್ಮು, ಅದನ್ನು ತೊಳೆದ ನೀಲಿ ನೀರು ಅಲ್ಲಿಗೇ ಇಳಿಯುತ್ತಿತ್ತು. ಆ ಮದ್ದಿನಲ್ಲಿರುವ ಮೈಲುತುತ್ತಿನ ತಾಮ್ರ ಕಪ್ಪೆಮರಿಗೆ ವಿಷ. ಮರುದಿನವೇ ಡ್ರಮ್ಮನ್ನು ನೂರು ಹೆಜ್ಜೆ ಆಚೆ, ನೀರು ಪಳ್ಳಕ್ಕೆ ಹರಿಯದ ಕಡೆ ಇಟ್ಟೆವು. ಆ ಮೂಲೆಗೆ ಕಪ್ಪೆ ಬಂದವಾ ಅಂತ ಮುಂದಿನ ಜೂನ್‌ನಲ್ಲೇ ನೋಡಬೇಕು.

ಪಟ್ಟಿಯ ಒಂದು ಪ್ರತಿಯನ್ನು ಪಂಚಾಯತಿಗೂ ಕೊಡಿ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಅಲ್ಲೊಂದು ಸಮಿತಿ, ಒಂದು ರಿಜಿಸ್ಟರ್ ಇರಬೇಕು.

ಫಾರಂಗೆ ಈ ಸಲ ಹೀಗೆ ಬರೆದೆ: ಪಳ್ಳದ ಬದಿ, 10 ರಾತ್ರಿ, ರಾತ್ರಿಗೆ 15 ನಿಮಿಷ, ಕಪ್ಪೆ 7 ಜಾತಿ, ಎರಡರ ಹೆಸರು ಗೊತ್ತಿಲ್ಲ. ವಾಪಸ್ ಬರಲಿಲ್ಲ. ಆ ಎರಡರ ಕೂಗು ಕಳಿಸಿ ಅಂತ ಮೇಲ್ ಬಂತು.