ಕೋಟೆ ಇಳಿಯುವಾಗಿನ ಮೊಣಕಾಲು ನೋವು ಮತ್ತು ಕೀಲುಗಳ ಅಭ್ಯಾಸ

ಚಿತ್ರದುರ್ಗದ ಕೋಟೆ ಹತ್ತಿ ಬಂದವರು ಏದುಸಿರಿನ ಮಾತನ್ನೇ ಹೆಚ್ಚಾಗಿ ಆಡುತ್ತಾರೆ. ಆದರೆ ಮೊಣಕಾಲು ತನ್ನ ತಕರಾರನ್ನು ಹೇಳುವುದು ಇಳಿಯುವಾಗ. ಏಳು ಸುತ್ತಿನ ಆ ಕೋಟೆಯ ಕಲ್ಲಿನ ಮೆಟ್ಟಿಲುಗಳು ಒಂದೇ ಎತ್ತರದಲ್ಲಿಲ್ಲ. ಒಂದು ಕಾಲನ್ನು ಕೆಳಗಿನ ಮೆಟ್ಟಿಲಿಗೆ ಇಳಿಸುವಾಗ ಮೇಲೆ ಉಳಿದ ಕಾಲಿನ ಮೊಣಕಾಲು ಬೆರಳುಗಳನ್ನು ದಾಟಿ ಮುಂದಕ್ಕೆ ಬಾಗಬೇಕಾಗುತ್ತದೆ, ಹಾಗೆ ಬಾಗಬೇಕಾದರೆ ಪಾದದ ಕೀಲು ಸಲೀಸಾಗಿ ಮಡಚಿಕೊಳ್ಳಬೇಕು. ಆ ಕೀಲು ಬಿಗಿದಿದ್ದರೆ ಹಿಮ್ಮಡಿ ಬೇಗನೆ ಮೇಲೇಳುತ್ತದೆ ಮತ್ತು ಮೈಭಾರವನ್ನು ತಡೆಯುವ ಕೆಲಸದಲ್ಲಿ ಹೆಚ್ಚಿನ ಪಾಲು ಮೊಣಕಾಲಿನ ಮೇಲೆ ಬೀಳುತ್ತದೆ. ನಾನು ವರ್ಷಗಟ್ಟಲೆ ಮೊಣಕಾಲಿಗೆ ಎಣ್ಣೆ ತಿಕ್ಕಿದೆ. ಪಾದದ ಕೀಲಿನ ಕಡೆ ಗಮನ ಹರಿಸಿದ್ದು ಬಹಳ ತಡವಾಗಿ.

ಕೀಲಿನೊಳಗೆ ಮೂಳೆಗಳ ತುದಿಯನ್ನು ಹೊದ್ದಿರುವ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಅದಕ್ಕೆ ಬೇಕಾದ ಪೋಷಣೆ ಬಹುಪಾಲು ಕೀಲಿನಲ್ಲಿರುವ ದ್ರವದಿಂದಲೇ ಸಿಗುತ್ತದೆ, ಮತ್ತು ಆ ದ್ರವ ಒಳಹೊರಗೆ ಓಡಾಡುವುದು ಕೀಲು ಅದುಮಿ ಬಿಡುತ್ತಿರುವಾಗ, ಒದ್ದೆ ಅರಿವೆಯನ್ನು ಹಿಂಡಿ ಮತ್ತೆ ನೀರಿಗೆ ಬಿಟ್ಟ ಹಾಗೆ. ಬೆಳಿಗ್ಗೆ ಎದ್ದಾಗ ಹಿಡಿದುಕೊಂಡಂತಿರುವ ಮೈ ನಾಲ್ಕು ಹೆಜ್ಜೆ ಓಡಾಡಿದ ಮೇಲೆ ಸಡಿಲವಾಗುವುದನ್ನು ಎಲ್ಲರೂ ಕಂಡಿರುತ್ತಾರೆ.

ಇಲ್ಲಿ ಒಂದು ವ್ಯತ್ಯಾಸವನ್ನು ತಿಳಿಯುವುದು ಅಗತ್ಯ. ಗೋಡೆಗೆ ಬೆನ್ನು ಕೊಟ್ಟು ನಿಂತು, ಎರಡೂ ಕೈಗಳಿಂದ ಬಲ ಮೊಣಕಾಲನ್ನು ಹಿಡಿದು ಎದೆಯ ಕಡೆಗೆ ಎಳೆದುಕೊಳ್ಳಿ. ಈಗ ಕೈ ಬಿಡಿ. ಕಾಲು ಒಂದಿಷ್ಟು ಕೆಳಗೆ ಜಾರಿ ನಿಲ್ಲುತ್ತದೆ. ಕೈಯಿಂದ ಎಳೆದಾಗ ಸಿಕ್ಕ ಎತ್ತರ ಬರಿಯ ಬಾಗುವಿಕೆ. ಕೈ ಬಿಟ್ಟ ಮೇಲೂ ಉಳಿದ ಎತ್ತರವೇ ನಿಮ್ಮ ಹಿಡಿತದಲ್ಲಿರುವ ಚಲನೆ. ಬಸ್ಸಿನ ಮೆಟ್ಟಿಲು ಹತ್ತುವಾಗ, ಬೈಕಿನ ಮೇಲೆ ಕಾಲು ಹಾಕುವಾಗ ಕೆಲಸಕ್ಕೆ ಬರುವುದು ಎರಡನೆಯದು, ಆದ್ದರಿಂದ ಅಭ್ಯಾಸದ ಗುರಿ ಈ ಎರಡರ ನಡುವಿನ ಅಂತರವನ್ನು ಕಡಿಮೆ ಮಾಡುವುದೇ ಆಗಿರಬೇಕು.

ಮೊದಲು ಪಾದದ ಕೀಲನ್ನು ಅಳೆದು ನೋಡಿ. ಗೋಡೆಯಿಂದ ಒಂದು ಅಂಗೈ ಅಗಲ, ಅಂದರೆ ಸುಮಾರು 10 ಸೆಂಟಿಮೀಟರ್ ದೂರದಲ್ಲಿ ಹೆಬ್ಬೆರಳ ತುದಿ ಬರುವಂತೆ ಪಾದವನ್ನು ಇಟ್ಟು, ಹಿಮ್ಮಡಿ ಎತ್ತದೆ ಮೊಣಕಾಲನ್ನು ಗೋಡೆಗೆ ತಾಗಿಸಲು ಪ್ರಯತ್ನಿಸಿ. ತಾಗದಿದ್ದರೆ ಪಾದವನ್ನು ಹತ್ತಿರಕ್ಕೆ ತಂದು, ತಾಗುವ ಜಾಗದಲ್ಲಿ ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆಯಿರಿ. ಆ ಗೆರೆಯಿಂದಲೇ ಪ್ರತಿ ಕಾಲಿಗೆ ಹತ್ತು ಸಲ ಮೊಣಕಾಲನ್ನು ನಿಧಾನವಾಗಿ ಮುಂದೆ ತಂದು, ಎರಡು ಉಸಿರಿನಷ್ಟು ಹೊತ್ತು ನಿಲ್ಲಿಸಿ ಹಿಂದಕ್ಕೆ ಒಯ್ಯಿರಿ. ಮೊಣಕಾಲು ಎರಡನೆಯ ಬೆರಳಿನ ನೇರಕ್ಕೆ ಹೋಗಬೇಕು, ಒಳಗಡೆಗೆ ವಾಲಬಾರದು. ಎಡ ಮತ್ತು ಬಲ ಕಾಲುಗಳ ಅಳತೆ ಬೇರೆಯಾಗಿದ್ದರೆ ಗಾಬರಿ ಬೇಡ. ಹಿಂದೆ ಎಂದೋ ಉಳುಕಿದ ಕಾಲಿನಲ್ಲಿ ಹೀಗಾಗುವುದು ಸಾಮಾನ್ಯ.

ಎರಡನೆಯದು ತೊಡೆಯ ಕೀಲು. ಬಟ್ಟಲಿನಲ್ಲಿ ಗುಂಡು ಕೂತಂತಿರುವ ಈ ಕೀಲು ಎಲ್ಲ ದಿಕ್ಕಿಗೂ ತಿರುಗಬಲ್ಲದು, ಆದರೆ ದಿನವಿಡೀ ಕುರ್ಚಿಯಲ್ಲಿ ಕುಳಿತವರ ಪಾಲಿಗೆ ಅದು ಒಂದೇ ಭಂಗಿಯಲ್ಲಿ ಉಳಿದುಬಿಡುತ್ತದೆ. ನೆಲದ ಮೇಲೆ ಕುಳಿತು, ಮೊಣಕಾಲುಗಳನ್ನು ಮಡಚಿ, ಪಾದಗಳನ್ನು ಸೊಂಟಕ್ಕಿಂತ ಅಗಲವಾಗಿ ಊರಿ, ಕೈಗಳನ್ನು ಹಿಂದೆ ಆನಿಸಿಕೊಳ್ಳಿ. ಈಗ ಎರಡೂ ಮೊಣಕಾಲುಗಳನ್ನು ಒಟ್ಟಿಗೆ ಬಲಕ್ಕೆ, ಆಮೇಲೆ ಎಡಕ್ಕೆ ವಾಲಿಸಿ. ಕೈಯ ಆಸರೆಯನ್ನು ದಿನಕಳೆದಂತೆ ಕಡಿಮೆ ಮಾಡುತ್ತಾ ಬರಬೇಕು. ನಮ್ಮ ಅವ್ವ ಊಟವಾದ ಮೇಲೆ ನೆಲದಿಂದ ಏಳುವಾಗ ಮೊದಲು ಬಲಗೈ ಊರಿ, ನಂತರ ಮೊಣಕಾಲು ಊರಿ, ಕೊನೆಗೆ ಬಾಗಿಲ ಚೌಕಟ್ಟನ್ನು ಹಿಡಿದು ಏಳುತ್ತಿದ್ದಳು. ಈ ಅಭ್ಯಾಸವನ್ನು ನಿತ್ಯ ಮಾಡತೊಡಗಿದ ಮೇಲೆ ಚೌಕಟ್ಟನ್ನು ಹಿಡಿಯುವುದನ್ನು ಬಿಟ್ಟಳು, ಕೈಯನ್ನು ಮಾತ್ರ ಈಗಲೂ ಊರುತ್ತಾಳೆ. ನನ್ನ ಮಟ್ಟಿಗೆ ಅದು ದೊಡ್ಡ ಗಳಿಕೆ.

ಭುಜಕ್ಕೆ ಗೋಡೆಯ ಪಕ್ಕದಲ್ಲಿ ನಿಂತು, ಮುಂಡವನ್ನು ಅಲುಗಿಸದೆ, ತೋಳನ್ನು ಸಾಧ್ಯವಾದಷ್ಟು ದೊಡ್ಡ ಸುತ್ತಿನಲ್ಲಿ ಐದು ಸಲ ತಿರುಗಿಸಿದರೆ ಸಾಕು. ಕತ್ತು, ಮಣಿಕಟ್ಟುಗಳನ್ನೂ ಹೀಗೆಯೇ ನಿಧಾನವಾಗಿ ತಿರುಗಿಸಿ. ಕತ್ತನ್ನು ಎಂದಿಗೂ ಜೋರಾಗಿ ಗಿರಕಿ ಹೊಡೆಸಬಾರದು.

ದಾವಣಗೆರೆಯ ಗರಡಿಯಲ್ಲಿ ಬಸ್ಕಿ ಹೊಡೆಯುವವರಿಗೂ, ಜಿಮ್‌ನಲ್ಲಿ ಭಾರ ಎತ್ತುವವರಿಗೂ, ಕುಂದವಾಡ ಕೆರೆಯ ಏರಿಯ ಮೇಲೆ ಬಿರುಸಾಗಿ ನಡೆಯುವವರಿಗೂ ಈ ಹತ್ತು ನಿಮಿಷಗಳು ಸರಿಯಾಗಿ ಒದಗುವುದು ಕಸರತ್ತಿಗೆ ಮುಂಚೆ. ಕೀಲು ಪೂರ್ತಿ ಮಡಚುವಂತಾದರೆ ಬಸ್ಕಿಯಲ್ಲಿ ಸೊಂಟ ಇನ್ನೂ ಕೆಳಗಿಳಿಯುತ್ತದೆ, ಸ್ನಾಯುಗಳಿಗೂ ಹೆಚ್ಚು ಕೆಲಸ ಸಿಗುತ್ತದೆ. ವಾರಕ್ಕೊಮ್ಮೆ ಒಂದು ಗಂಟೆ ಮಾಡುವುದಕ್ಕಿಂತ ದಿನಾ ಹತ್ತು ನಿಮಿಷ ಮಾಡುವುದು ಮೇಲು.

ಎಳೆತ ಮತ್ತು ನೋವು ಒಂದೇ ಅಲ್ಲ. ಸ್ನಾಯುವಿನಲ್ಲಿ ಎಳೆತ ಬಂದರೆ ಮುಂದುವರಿಸಬಹುದು. ಕೀಲಿನೊಳಗೆ ಚುಚ್ಚಿದಂತಾದರೆ ಅಲ್ಲಿಗೇ ನಿಲ್ಲಿಸಬೇಕು. ಕೀಲು ಊದಿಕೊಂಡು ಬಿಸಿಯಾಗಿದ್ದರೆ, ಬದಲಿ ಕೀಲಿನ ಶಸ್ತ್ರಚಿಕಿತ್ಸೆ ಆಗಿದ್ದರೆ ಅಥವಾ ಮೂಳೆ ಸವೆತವಿದ್ದರೆ ವೈದ್ಯರನ್ನೋ ಫಿಸಿಯೋಥೆರಪಿಸ್ಟರನ್ನೋ ಕೇಳದೆ ಇವನ್ನು ಆರಂಭಿಸಬಾರದು. ಸಕ್ಕರೆ ಕಾಯಿಲೆ ಇರುವವರಲ್ಲಿ ಭುಜ ಹಿಡಿದುಕೊಳ್ಳುವ ತೊಂದರೆ ಹೆಚ್ಚು, ಹಾಗಾಗಿ ಅವರು ತೋಳು ಮೇಲೇಳದಂತಾಗುವವರೆಗೆ ಕಾಯದೆ ಬೇಗ ತೋರಿಸಿಕೊಳ್ಳಬೇಕು.

ನಾಲ್ಕು ವಾರಗಳ ನಂತರ ಅದೇ ಗೋಡೆಯ ಮುಂದೆ, ಬರಿಗಾಲಿನಲ್ಲಿ, ಅದೇ ಹೊತ್ತಿಗೆ ಮತ್ತೆ ಅಳೆಯಿರಿ. ಬೆಳಗಿನ ಕೀಲಿಗೂ ಸಂಜೆಯ ಕೀಲಿಗೂ ವ್ಯತ್ಯಾಸವಿರುವುದರಿಂದ ಹೊತ್ತು ಬದಲಾದರೆ ಲೆಕ್ಕ ತಪ್ಪುತ್ತದೆ. ಹೊಸ ಗೆರೆಯನ್ನು ಎಳೆಯುವಾಗ ಹಳೆಯದನ್ನು ಅಳಿಸಬೇಡಿ.